ಸೊನ್ನೆಯಲ್ಲಿ ಹತ್ತು

ಊಟ ಮುಗಿಸಿ ಬಂದು ಕಾರ್ಖಾನೆಯ ಪರೀಕ್ಷೆಯ ಮೇಜಿನ ಮುಂದೆ ಕೂರುವಾಗ ಅತ್ತಿಗೆಯ ಚಪ್ಪಲಿ ನೆಲದ ಮೇಲಿನ ವಯರಿಗೆ ತೊಡರಿ, ಓಡುತ್ತಿದ್ದ ಪಂಪಿನ ಪ್ಲಗ್ಗು ಕಿತ್ತು ಬಂತು. ಅಷ್ಟೇ ಆಗಿದ್ದರೆ ತನ್ನ ಕಾಲಿಗೆ ತಾನೇ ಎರಡು ಬೈದು ಮತ್ತೆ ಚುಚ್ಚಿ ಮರೆತುಬಿಡುತ್ತಿದ್ದಳು. ಆದರೆ ಪಂಪು ಸದ್ದು ನಿಲ್ಲಿಸಿತು. ಅದು ನಿಲ್ಲಿಸಬಾರದಿತ್ತು.

ಆಸ್ಪತ್ರೆಯ ಮಂಚದ ಪಕ್ಕ ನಿಂತು ರೋಗಿಯ ನರಕ್ಕೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಪಂಪು ಅದು. ಕರೆಂಟು ಹೋದರೆ ಒಳಗಿನ ಬ್ಯಾಟರಿ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಕೈ ಬದಲಾಗುವ ಆ ರೆಪ್ಪೆ ಬಡಿಯುವಷ್ಟು ಹೊತ್ತು ಯಂತ್ರದ ಉಸಿರು ಹಿಡಿದಿಡುವುದು ಒಂದಿಷ್ಟು ವಿದ್ಯುತ್ತು ಕೂಡಿಟ್ಟುಕೊಳ್ಳುವ, ಅಕ್ಕಿಕಾಳಿಗಿಂತ ಚಿಕ್ಕದಾದ ಕೆಲವು ಕೆಪಾಸಿಟರುಗಳು. ಅವು ಹಿಡಿದಿಡಲಿಲ್ಲ. ಪರದೆ ಕಪ್ಪಾಗಿ, ಮತ್ತೆ ಬೆಳಗಿ, ಹೊಸದಾಗಿ ಅಂಗಡಿಯಿಂದ ಬಂದಂತೆ 'ಸ್ವಾಗತ' ಎಂದಿತು. ಎಷ್ಟು ಔಷಧಿ, ಯಾವ ವೇಗ ಎಲ್ಲವನ್ನೂ ಮರೆತಿತ್ತು. ಎಚ್ಚರಿಕೆಯ ಗಂಟೆ ಕೂಡ ಹೊಡೆಯಲಿಲ್ಲ. ತನಗೇನೂ ಆಗಿಲ್ಲ ಎಂದುಕೊಂಡಿರುವ ಯಂತ್ರ ಯಾಕೆ ಕೂಗೀತು?

ಅತ್ತಿಗೆ ಆಚೀಚೆ ನೋಡಿದಳು. ಯಾರೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಡಬ್ಬಗಳಿಗೆ ಟೇಪು ಸುತ್ತುವ ಕರಕರ ಸದ್ದು. ಈ ಹೊಸ ಮಾದರಿಯ ಪಂಪುಗಳೆಲ್ಲ ನಾಳೆ ಬೆಳಿಗ್ಗೆ ಲಾರಿ ಹತ್ತಬೇಕು.

ಪ್ರತಿಯೊಂದು ಪಂಪಿನ ಪ್ಲಗ್ಗನ್ನೂ ಅವಳೇ ಕಿತ್ತು ನೋಡಿದ್ದಳು, ಎಲ್ಲವೂ ಪಾಸಾಗಿದ್ದವು. ಆದರೆ ಇಲ್ಲಿಯ ಪದ್ಧತಿ ಬೇರೆ. ಮೋಟಾರು ಓಡುವಾಗ ಪ್ಲಗ್ಗು ಕಿತ್ತರೆ ನಳಿಕೆಯ ನೀರು ಮೇಜಿನ ಮೇಲೆಲ್ಲ ಚೆಲ್ಲುತ್ತದೆಂದು, ಮೊದಲು ಮೋಟಾರು ನಿಲ್ಲಿಸಿ ಆಮೇಲೆ ಕೀಳುವುದು. ನಿಂತ ಯಂತ್ರಕ್ಕೆ ಹಸಿವು ಕಡಿಮೆ, ಇದ್ದುದರಲ್ಲೇ ಸುಧಾರಿಸಿಕೊಳ್ಳುತ್ತದೆ. ಇವತ್ತು ಚಪ್ಪಲಿಗೆ ಆ ಪದ್ಧತಿ ಗೊತ್ತಿರಲಿಲ್ಲ.

ಇದೊಂದೇ ಕೆಟ್ಟದ್ದಿರಬಹುದೆಂದು ಇನ್ನೊಂದನ್ನು ಓಡಿಸಿ ಕಿತ್ತಳು. ಸ್ವಾಗತ. ಮತ್ತೊಂದು. ಸ್ವಾಗತ. ಮನೆಗೆ ಬೇಡದ ನೆಂಟರಿಗೆ ಹೇಳುವ ಹಾಗೆ ಆ ಪದ ಹಲ್ಲು ಕಿರಿಯುತ್ತಿತ್ತು.

ಸ್ಟೂಲಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡಳು. ಈ ಮಾದರಿಯನ್ನು ರೂಪಿಸಿದವಳು ಅವಳ ನಾದಿನಿ.

ಗಂಡನ ಮನೆ ಬಿಟ್ಟು ಬಂದ ನಾದಿನಿಗೆ ಈ ಕಾರ್ಖಾನೆಯಲ್ಲಿ ಕೆಲಸವಿದೆಯೆಂದು ತಿಳಿಸಿದ್ದು ಇವಳೇ. ಮೊದಲ ದಿನ ನಾದಿನಿ ಎಲ್ಲರೆದುರು "ಅತ್ತಿಗೆ" ಎಂದು ಕೂಗಿದ್ದೇ ತಡ, ಬಾಗಿಲು ಕಾಯುವವನಿಂದ ಹಿಡಿದು ಮ್ಯಾನೇಜರ ತನಕ ಎಲ್ಲರಿಗೂ ಅವಳು ಅತ್ತಿಗೆಯಾದಳು. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಅಂದಿನಿಂದ ಎರಡು ಕೋಣೆಯ ಮನೆಯಲ್ಲಿ ಮೂವರು. ಹೊರಗಿನ ಕೋಣೆಯಲ್ಲಿ ನಾದಿನಿ, ಒಳಗೆ ಗಂಡ ಹೆಂಡತಿ, ನಡುವೆ ಸರಿಯಾಗಿ ಮುಚ್ಚದ ಬಾಗಿಲು. ಜಗಳವಾಡಿದ್ದು ಕಡಿಮೆ. ಜಗಳವಾದರೂ ಆಗಿದ್ದರೆ ಒಂದು ಕೊನೆ ಇರುತ್ತಿತ್ತು. ಒಲೆಯ ಮುಂದೆ ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತ, "ನೀವು ಮಾಡಿ", "ಇಲ್ಲ, ನೀನೇ ಮಾಡು" ಎನ್ನುತ್ತ, ಯಾರದೋ ಮನೆಯಲ್ಲಿ ಇಬ್ಬರು ಅತಿಥಿಗಳಂತೆ ದಿನ ತಳ್ಳಿದ್ದರು. ಅತ್ತಿಗೆ ನಗದೆ ಎಷ್ಟು ಕಾಲವಾಯಿತೆಂದು ಗಂಡ ಒಮ್ಮೆ ಕೇಳಿದ್ದ. ಮೆಲ್ಲಗೆ ಮಾತಾಡು, ಕೇಳಿಸುತ್ತದೆ ಎಂದಷ್ಟೇ ಅಂದಿದ್ದಳು.

ಈಗ ಅದಕ್ಕೊಂದು ಮುಕ್ತಾಯ ಸಿಕ್ಕಿತ್ತು. ಈ ಪಂಪು ಹೊರಗೆ ಹೋದರೆ ದೂರದ ಇನ್ನೊಂದು ಶಾಖೆಯಲ್ಲಿ ನಾದಿನಿಗೆ ಮುಖ್ಯಸ್ಥೆಯ ಹುದ್ದೆ, ಇರಲು ಕಂಪನಿಯದೇ ಮನೆ. ವಾರ ಕಳೆದರೆ ಹೊರಡುವವಳು. ಬಾಯಿ ಮುಚ್ಚಿಕೊಂಡಿದ್ದರೆ ಮನೆ ಮತ್ತೆ ತನ್ನದಾಗುತ್ತದೆ. ಬಾಯಿ ಬಿಟ್ಟರೆ ನಾದಿನಿ ಇಲ್ಲೇ.

ಪ್ಲಗ್ಗನ್ನು ಮತ್ತೆ ಚುಚ್ಚಿದಳು. ಪಂಪು ಏನೂ ಗೊತ್ತಿಲ್ಲದ ಮಗುವಿನಂತೆ ಓಡತೊಡಗಿತು. ಹೀಗೇ ಬಿಟ್ಟುಬಿಡಬಹುದು. ಎಲ್ಲ ಆಸ್ಪತ್ರೆಯಲ್ಲೂ ದೊಡ್ಡ ಜನರೇಟರು ಇರುತ್ತದಲ್ಲ, ಕರೆಂಟು ಯಾಕೆ ಹೋಗುತ್ತದೆ, ಎಂದು ತನಗೇ ಹೇಳಿಕೊಂಡಳು. ಆದರೆ ಯಾವುದೋ ವಾರ್ಡಿನಲ್ಲಿ ನೆಲ ಒರೆಸುವವಳ ಕಾಲು ವಯರಿಗೆ ತೊಡರುವುದು ಕಣ್ಣಿಗೆ ಕಟ್ಟಿತು. ಅವಳು ಗಾಬರಿಯಿಂದ ಪ್ಲಗ್ಗು ಚುಚ್ಚಿ, ಯಾರೂ ನೋಡಲಿಲ್ಲವಲ್ಲ ಎಂದು ಮುಂದೆ ಹೋಗುತ್ತಾಳೆ. ದೀಪ ಉರಿಯುತ್ತಿರುತ್ತದೆ. ನರ್ಸು ದೂರದಿಂದ ದೀಪ ನೋಡಿ ಸರಿ ಇದೆ ಅಂದುಕೊಳ್ಳುತ್ತಾಳೆ. ಹನಿ ಬೀಳುತ್ತಿರುವುದಿಲ್ಲ.

ಅತ್ತಿಗೆ ಎದ್ದು ಮೇಲಿನ ಮಹಡಿಗೆ ಹೋದಳು.

ನಾದಿನಿ ಕಿವಿಯ ಹಿಂದೆ ಪೆನ್ಸಿಲು ಸಿಕ್ಕಿಸಿಕೊಂಡು ಏನೋ ಬರೆಯುತ್ತಿದ್ದಳು. ಅತ್ತಿಗೆ ತಾನು ಕಂಡದ್ದನ್ನು ಹೇಳಿದಳು. ನಾದಿನಿ ತಲೆ ಎತ್ತದೆಯೇ ಅಂದಳು:

"ಬಂದ ಕೆಪಾಸಿಟರು ಎಲ್ಲಾನೂ ಎಷ್ಟು ಹಿಡಿಯುತ್ತೆ ಅಂತ ಅಳೆಸಿ ನೋಡಿದೀನಿ. ಹತ್ತು ಇರಬೇಕು, ಹತ್ತೇ ಇದೆ."

"ಇರಬಹುದಮ್ಮ. ಪಂಪು ನಿಲ್ತಿದೆ."

"ನಿಮ್ಮ ಬ್ಯಾಟರಿ ಸರಿ ಇಲ್ಲ."

"ಮೂರು ಪಂಪಿಗೆ ಮೂರು ಬ್ಯಾಟರಿ. ಮೂರೂ ಒಟ್ಟಿಗೆ ಸತ್ತಿದಾವಾ?"

ನಾದಿನಿ ಪೆನ್ಸಿಲು ಕೆಳಗಿಟ್ಟಳು. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಒಲೆಯ ಮುಂದೆ ಆಡದೆ ಉಳಿದಿದ್ದೆಲ್ಲ ಒಮ್ಮೆಲೇ ಮೇಲೆ ಬಂತು.

"ಇಷ್ಟು ದಿನ ಸಿಗದೇ ಇದ್ದಿದ್ದು ಇವತ್ತೇ ಸಿಗಬೇಕಿತ್ತಾ ನಿಮಗೆ? ನಾನೊಂದು ಕಡೆ ನೆಲೆ ನಿಲ್ಲೋ ಹೊತ್ತಿಗೆ? ಅಣ್ಣ ಯಾವಾಗ್ಲೂ ಹೇಳ್ತಾನೆ, ನಿಮ್ಮತ್ತಿಗೆ ಮನಸ್ಸಲ್ಲಿ ಏನೂ ಇಟ್ಕೊಳಲ್ಲ ಅಂತ. ಚೆನ್ನಾಗೇ ಇಟ್ಕೊಂಡಿದೀರ. ನಾನು ಹೋಗಬಾರದು, ಅಷ್ಟೇ ಅಲ್ವಾ?"

"ಹುಚ್ಚೀ!" ಅತ್ತಿಗೆಗೆ ರೇಗಿಹೋಯಿತು. "ನೀನು ಹೋಗಬಾರದು ಅಂತಾನಾ? ನೀನು ಯಾವಾಗ ಹೋಗ್ತೀಯೋ ಅಂತ ದಿನಾ ದೇವರಿಗೆ ಕೈ ಮುಗೀತಿದೀನಿ ನಾನು!"

ಮಾತು ಹೊರಗೆ ಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಚೆ ಮೇಜಿನವನು ಕುರ್ಚಿ ತಿರುಗಿಸಿ ಗೋಡೆ ನೋಡತೊಡಗಿದ. ಫ್ಯಾನು ತಿರುಗುತ್ತಿತ್ತು.

ನಾದಿನಿ ಅವಳನ್ನೇ ನೋಡಿದಳು. ಕೋಪವೆಲ್ಲ ಎಲ್ಲಿ ಇಳಿದುಹೋಯಿತೋ, ಮುಖದಲ್ಲಿ ಬರೀ ದಣಿವು ಉಳಿಯಿತು. ತಾನು ಹೋಗಲೆಂದು ಹರಕೆ ಹೊತ್ತವಳು ಬಂದು ತಾನು ಹೋಗದಂಥ ಸುದ್ದಿ ಹೇಳುತ್ತಿದ್ದಾಳೆ. ಹಾಗಿದ್ದರೆ ಸುದ್ದಿ ನಿಜವೇ ಇರಬೇಕು.

"ನಡೀರಿ, ನೋಡೋಣ," ಅಂದಳು.

ಅಳೆಯುವ ಯಂತ್ರ ಪರೀಕ್ಷೆಯ ಕೋಣೆಯ ಮೂಲೆಯಲ್ಲಿತ್ತು. ನಾದಿನಿ ಒಂದು ಕೆಪಾಸಿಟರನ್ನು ಚಿಮಟದಲ್ಲಿ ಎತ್ತಿ ಅದರ ಬಾಯಿಗಿಟ್ಟಳು. ಹತ್ತು. ಇನ್ನೊಂದು ಇಟ್ಟಳು. ಹತ್ತು. ಅವಳ ಕಣ್ಣು ಯಂತ್ರದ ಬಲಗಡೆಗೆ ಹೋಗಿ ನಿಂತಿತು. ಅಲ್ಲಿ ಒಂದು ಗುಂಡಿಯ ಮೇಲೆ ಕಪ್ಪು ಟೇಪು ಅಂಟಿಸಿತ್ತು.

"ಇದೇನು?"

"ಅದಾ? ಅಳೆಯೋವಾಗ ಕೆಪಾಸಿಟರಿಗೆ ವೋಲ್ಟೇಜು ಕೊಡೋ ಗುಂಡಿ. ಹಿಂದೆ ಯಾರೋ ಪೂರ್ತಿ ತಿರುಗಿಸಿಟ್ಟು ಯಂತ್ರಾನೇ ಸುಟ್ಟಿದ್ರು. ಆಮೇಲೆ ಸೊನ್ನೆಗಿಟ್ಟು ಟೇಪು ಹಾಕಿಬಿಟ್ವಿ. ಯಾರೂ ಮುಟ್ಟಲ್ಲ."

"ಅಂದ್ರೆ ಇಷ್ಟು ದಿನ ನಾವು ಅಳೆದಿದ್ದೆಲ್ಲ ಸೊನ್ನೆಯಲ್ಲಿ."

"ಹೂಂ. ಅಳೆಯೋದು ಅಂದ್ರೆ ಹಾಗೇ ಅಲ್ವಾ?"

ನಾದಿನಿ ಉಗುರಿನಿಂದ ಟೇಪು ಎಬ್ಬಿಸಿದಳು. ಹಳೆಯ ಅಂಟು ನೂಲು ನೂಲಾಗಿ ಬಂತು. ಗುಂಡಿಯನ್ನು ಮೆಲ್ಲಗೆ ತಿರುಗಿಸಿದಳು. ಐದು ವೋಲ್ಟಿಗೆ ಹತ್ತು ಇದ್ದದ್ದು ಒಂಬತ್ತರ ಹತ್ತಿರ ಬಂತು. ಹನ್ನೆರಡಕ್ಕೆ ಐದೂವರೆ. ಪಂಪಿನೊಳಗೆ ಅದು ದಿನವಿಡೀ ಹೊರಬೇಕಾದ ಇಪ್ಪತ್ತನಾಲ್ಕಕ್ಕೆ ಬಂದಾಗ ಎರಡೂ ಇರಲಿಲ್ಲ.

"ಅಯ್ಯೋ, ಕೆಟ್ಟುಹೋಯ್ತಾ?"

"ಇಲ್ಲ." ನಾದಿನಿ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು. ಸಂಖ್ಯೆ ಏರುತ್ತಾ ಹೋಗಿ ಮತ್ತೆ ಹತ್ತಾಯಿತು, ಏನೂ ನಡೆದೇ ಇಲ್ಲ ಎಂಬಂತೆ. "ಪ್ಯಾಕೆಟ್ಟಿನ ಮೇಲೆ ಬರೆದಿರೋದು ಸುಳ್ಳಲ್ಲ. ಇಪ್ಪತ್ತೈದು ವೋಲ್ಟು ತಡೆಯುತ್ತೆ ಅಂತ ಇದೆ, ತಡೆಯುತ್ತೆ. ಒಡೆಯಲ್ಲ, ಸುಡಲ್ಲ. ಆದ್ರೆ ಹಿಡಿದಿಟ್ಕೊಳಲ್ಲ."

"ಹೊರೆ ಹೊತ್ತಾಗ ಹಿಡಿಯದೇ ಇದ್ರೆ ಇನ್ಯಾವಾಗ ಹಿಡಿಯೋದು?"

"ಒಳಗಿರೋದು ಒಂಥರಾ ಪಿಂಗಾಣಿ. ವೋಲ್ಟೇಜು ಇಲ್ಲದಾಗ ಅದರ ಕಣಗಳು ಸಡಿಲವಾಗಿರ್ತವೆ. ಸ್ವಲ್ಪ ಕೊಟ್ರೂ ತಿರುಗ್ತವೆ, ತಗೋತವೆ. ಮೇಲಿಂದ ಒಂದೇ ಸಮ ಒತ್ತಡ ಇದ್ರೆ ಎಲ್ಲಾ ಒಂದೇ ಕಡೆ ಸೆಟೆದು ನಿಂತುಬಿಡ್ತವೆ. ಆಮೇಲೆ ಹೊಸದಾಗಿ ಏನು ಕೊಟ್ರೂ ಅಲ್ಲಾಡಲ್ಲ." ಕೆಪಾಸಿಟರನ್ನು ಚಿಮಟದಲ್ಲಿ ಹೊರತೆಗೆದು ಮೇಜಿನ ಮೇಲಿಟ್ಟು ಹೇಳಿದಳು: "ಓದಿದ್ದೆ. ಕಾಲೇಜಲ್ಲೇ ಓದಿದ್ದೆ. ಇಷ್ಟೊಂದು ಕುಸಿಯುತ್ತೆ ಅಂತ ಅಂದ್ಕೊಂಡಿರಲಿಲ್ಲ. ಪಂಪು ತೆಳ್ಳಗಿರಲಿ ಅಂದ್ರು, ದೊಡ್ಡದರ ಬದಲು ಇದನ್ನ ಹಾಕಿದೆ. ಅಳತೆ ಅದೇ ಹತ್ತು ಇದೆಯಲ್ಲ ಅಂತ."

ಅತ್ತಿಗೆ ಆ ಕಾಳನ್ನು ಬೆರಳ ತುದಿಯಲ್ಲಿ ಎತ್ತಿಕೊಂಡಳು. ಉಗುರಿನ ಅಂಚಿಗೆ ಅಂಟಿದ ಮಣ್ಣಿನಷ್ಟಿತ್ತು. ಇದಕ್ಕೆ ಬೈಯಲೂ ಮನಸ್ಸು ಬರಲಿಲ್ಲ.

ಮ್ಯಾನೇಜರನ್ನು ಎಲ್ಲರೂ ಬೆನ್ನ ಹಿಂದೆ 'ಆಯ್ತಾ ಸಾಹೇಬ' ಎನ್ನುತ್ತಿದ್ದರು. ಕೋಣೆಗೆ ಯಾರೇ ಕಾಲಿಟ್ಟರೂ ಅವನ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಆ ಪದ.

"ಆಯ್ತಾ?"

"ಇಲ್ಲ ಸರ್," ಅಂದಳು ನಾದಿನಿ. "ಲಾರಿ ನಿಲ್ಲಿಸಬೇಕು."

ಅವಳು ವಿವರಿಸಿದಳು. ಅತ್ತಿಗೆ ಬಾಗಿಲ ಹತ್ತಿರವೇ ನಿಂತಿದ್ದಳು. ಮ್ಯಾನೇಜರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

"ಮನೇಲಿ ಹುಲಿ, ಬೀದೀಲಿ ಇಲಿ ಅನ್ನು ನಿನ್ನ ಕೆಪಾಸಿಟರು. ಆದ್ರೂ ಅಳತೆಯಲ್ಲಿ ಹತ್ತು ಇದೆ ತಾನೇ? ನಮ್ಮ ಪದ್ಧತಿ ಪ್ರಕಾರ ಪಾಸು ಆಗಿದೆ ತಾನೇ? ಈಗ ಕಳಿಸೋಣ. ಮುಂದಿನ ಸಲಕ್ಕೆ ಬದಲಾಯಿಸು."

"ಆಗಲ್ಲ ಸರ್."

"ಯೋಚನೆ ಮಾಡಿ ಹೇಳು. ಇದು ನಿಂತರೆ ಆ ಶಾಖೆಯವರು ನಿನಗೋಸ್ಕರ ಕಾಯಲ್ಲ. ಬೇರೆಯವರನ್ನ ಕರೀತಾರೆ. ನನ್ನ ಕೈಯಲ್ಲಿಲ್ಲ."

ನಾದಿನಿ ತಿರುಗಿ ಅತ್ತಿಗೆಯನ್ನು ನೋಡಲಿಲ್ಲ. ನೋಡಿದ್ದರೆ ಅತ್ತಿಗೆ ನೆಲ ನೋಡುತ್ತಿರುವುದು ಕಾಣುತ್ತಿತ್ತು. ಒಂದು ಕ್ಷಣ, ಒಂದೇ ಕ್ಷಣ, 'ಸರಿ ಸರ್, ಕಳಿಸಿ' ಎಂದು ಅವಳು ಅಂದುಬಿಡಲಿ, ಪಾಪವೆಲ್ಲ ಅವಳ ತಲೆ ಮೇಲೇ ಬರಲಿ, ಎಂದು ಅತ್ತಿಗೆಗೆ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯಾಗುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ.

"ಕರೀಲಿ ಸರ್," ಅಂದಳು ನಾದಿನಿ. "ಡಬ್ಬ ಎಲ್ಲಾ ವಾಪಸು ತೆಗೆಸಿ."

ಮ್ಯಾನೇಜರು ಕನ್ನಡಕ ಹಾಕಿಕೊಂಡು ಫೋನು ಎತ್ತಿದ. ಡಬ್ಬಗಳ ಕೋಣೆಯಲ್ಲಿ ಟೇಪಿನ ಸದ್ದು ನಿಂತಿತು. ಸುತ್ತುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಮಾಡಿದ್ದನ್ನೇ ಮಾಡೋ ಹಣೆಬರಹ" ಎಂದು ಗೊಣಗುತ್ತ ಬಿಚ್ಚತೊಡಗಿದರು.

ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಬಂದರು. ಅತ್ತಿಗೆ ನೇರ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತಳು. ಹೊರಗಿನ ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಮುದ್ರಣಾಲಯದಿಂದ ಆಗಷ್ಟೇ ಬಂದಿದ್ದ ಗಂಡ, ಮಸಿ ಹತ್ತಿದ ಕೈಯಲ್ಲೇ ಅಲ್ಲಿ ನಿಂತ.

"ಇದೇನೇ, ಊರಿಗೆ ಹೋಗೋಳು ಮಡಚಿಟ್ಟ ಬಟ್ಟೆ ಹೊರಗೆ ತೆಗೀತಿದೀಯ?"

"ಹೋಗ್ತಿಲ್ಲ."

"ಯಾಕೆ? ಯಾರು ಏನಂದ್ರು?"

ಅತ್ತಿಗೆ ನಲ್ಲಿ ನಿಲ್ಲಿಸಿದಳು. ಮುಚ್ಚದ ಬಾಗಿಲಿನಿಂದ ಎಲ್ಲವೂ ಕೇಳಿಸುತ್ತಿತ್ತು. ಯಾರು ಏನಂದರು ಎಂದು ಹೇಳಲು ನಾದಿನಿಯ ಬಳಿ ಒಂದು ವಾಕ್ಯವಿತ್ತು, ಅದನ್ನು ಆಡಿದರೆ ಈ ಮನೆಯಲ್ಲಿ ಮುಂದೆ ಯಾರೂ ಯಾರ ಮುಖವನ್ನೂ ನೋಡುವಂತಿರಲಿಲ್ಲ. ತಟ್ಟೆಯಿಂದ ನೀರು ತೊಟ್ಟಿಕ್ಕಿತು.

"ಯಾರೂ ಏನೂ ಅನ್ನಲಿಲ್ಲ ಅಣ್ಣ. ನಾನು ಆರಿಸಿದ ಸಾಮಾನು ಸರಿ ಇರಲಿಲ್ಲ."

ಗಂಡ ಇನ್ನೂ ಏನೇನೋ ಕೇಳಿದ. ಅವಳು ಹೂಂ, ಉಹೂಂ ಎಂದಷ್ಟೇ ಅಂದಳು. ಅವನು ತಲೆ ಕೆರೆದುಕೊಂಡು ಕೈ ತೊಳೆಯಲು ಹೋದ.

ಅತ್ತಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ನಾದಿನಿ ಹೋಗುತ್ತಾಳೆಂದು ಕಪಾಟಿನ ಅವಳ ಅರೆಯಲ್ಲಿ ಆಗಲೇ ತನ್ನ ಹೊದಿಕೆಗಳನ್ನು ಜೋಡಿಸಿಟ್ಟಿದ್ದಳು. ಒಂದೊಂದಾಗಿ ಅವನ್ನು ತೆಗೆದು ಮಂಚದ ಮೇಲೆ ಹಾಕಿದಳು. ಖಾಲಿಯಾದ ಅರೆಯಲ್ಲಿ ನಾದಿನಿ ಬಟ್ಟೆ ಇಡತೊಡಗಿದಳು. ಮಧ್ಯಾಹ್ನ ಅಂದದ್ದು ಮನಸ್ಸಿನಿಂದ ಬಂದದ್ದಲ್ಲ, ಸಿಟ್ಟಿನಲ್ಲಿ ಬಂದದ್ದು ಎಂದು ಹೇಳಬಹುದಿತ್ತು. ನಾದಿನಿ ನಂಬುತ್ತಿರಲಿಲ್ಲ. ಇವತ್ತೆಲ್ಲ ಅತ್ತಿಗೆ ಆಡಿದ್ದರಲ್ಲಿ ಅವಳು ನಂಬಿದ್ದೇ ಆ ಒಂದು ಮಾತನ್ನು. ಅತ್ತಿಗೆ ಹೊದಿಕೆ ಮಡಚಿದಳು.

"ನಾಳೆ ಬೇಗ ಹೋಗಬೇಕು," ಅಂದಳು ನಾದಿನಿ, ಕಪಾಟಿನ ಒಳಗೇ ನೋಡುತ್ತ. "ಎಲ್ಲಾ ಪಂಪು ಬಿಚ್ಚಬೇಕಲ್ಲ. ಮೊದಲು ಸ್ನಾನ ಯಾರು ಮಾಡೋದು?"

"ನೀನೇ ಮಾಡಿಬಿಡು," ಅಂದಳು ಅತ್ತಿಗೆ. "ನಾನು ಇನ್ನೊಂಚೂರು ಮಲಗ್ತೀನಿ."