ಹಿಲಾಲನ ಅತ್ತರು

ಗಾಲಿಯಾ ಹೊಸಿಲಲ್ಲೇ ನಿಂತು ಮೂಗು ಅರಳಿಸಿದಳು. ಕೈಯಲ್ಲಿದ್ದ ಹಲ್ವದ ಡಬ್ಬಿಯನ್ನು ಕೆಳಗಿಡಲಿಲ್ಲ.

"ಏನೇ ನಸ್ರಾ, ಮನೆಯೆಲ್ಲಾ ಅತ್ತರು ಘಮ್ ಅಂತಿದೆ?"

ನಸ್ರಾ ತಲೆ ಎತ್ತಲಿಲ್ಲ. ಒಂಬತ್ತು ದಿನದಿಂದ ಆ ವಾಸನೆ ಅವಳನ್ನೂ ಕಾಡುತ್ತಿತ್ತು. ಮಧ್ಯಾಹ್ನದ ನಿದ್ದೆಯಿಂದ ಎದ್ದರೆ ನಡುಮನೆಯಲ್ಲಿ ಯಾರೋ ಈಗತಾನೆ ಹಾದುಹೋದಂತೆ ಅದು ನಿಂತಿರುತ್ತಿತ್ತು. ಮೊದಲು ಗುಲಾಬಿ, ಕೇಸರಿ. ಆಮೇಲೆ ಊದಿನ ಮರದ ಹೊಗೆಗಹಿ. ಸಂಜೆಯಾಗುತ್ತ ಅವೆಲ್ಲ ಆರಿ, ಬಿಸಿಲಿಗೆ ಕಾದ ಮೈಯಂಥ ಅಂಬರಿನ ಉಪ್ಪುವಾಸನೆಯೊಂದೇ ಉಳಿಯುತ್ತಿತ್ತು. ಸೂರ್ ಪೇಟೆಯ ಯಾವ ಅಂಗಡಿಯಲ್ಲೂ ಅದು ಸಿಗುವುದಲ್ಲ. ಅವಳ ಗಂಡ ಹಿಲಾಲ್ ತಾನೇ ಕೂತು ಹನಿಹನಿಯಾಗಿ ಬೆರೆಸಿ ಹದ ಮಾಡಿದ್ದು. ಕುರಿಯಾತ್ ರಸ್ತೆಯಲ್ಲಿ ಅವನ ಮೀನಿನ ಗಾಡಿ ಮಗುಚಿ ಮೂರು ತಿಂಗಳಾಗಿತ್ತು. ಆ ಅತ್ತರಿನ ಸೀಸೆ ಅಂದಿನಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ನಾನು ಹಚ್ಕೊಂಡಿಲ್ಲ, ಗಾಲಿಯಕ್ಕ."

"ಮತ್ತಿನ್ಯಾರು, ಗೋಡೆ ಹಚ್ಕೊಂಡಿದ್ಯಾ? ಇದ್ದತ್ ಮುಗಿಯೋಕೆ ಇನ್ನೂ ನಲವತ್ತು ದಿನ ಇದೆ ಕಣೇ. ಗಂಡ ಸತ್ತೋಳು ಅತ್ತರು ಮುಟ್ಟಬಾರದು ಅಂತ ಹಾಲು ಕುಡಿಯೋ ಮಗೂಗೂ ಗೊತ್ತು. ಯಾರಿಗೋಸ್ಕರ ಈ ಸಿಂಗಾರ ಅಂತ ಓಣಿ ಹೆಂಗಸರು ಆಗ್ಲೇ ಕೇಳ್ತಿದಾರೆ. ನನ್ ತಮ್ಮನ ಮಾನ ತೆಗೀಬೇಡ."

ಇನ್ನೊಮ್ಮೆ ಈ ವಾಸನೆ ಬಂದರೆ ಇದ್ದತ್ ಮುಗಿದ ಮಾರನೇ ದಿನವೇ ಮನೆ ಬಿಡಬೇಕು ಎಂದು ಹೇಳಿ ಗಾಲಿಯಾ ಹೊರಟಳು. ನಸ್ರಾಗೆ ಮಕ್ಕಳಿರಲಿಲ್ಲ. ಇಬ್ರಾ ಊರಿನಲ್ಲಿದ್ದ ತನ್ನ ಅಣ್ಣನ ಮನೆಯಲ್ಲಿ ಅವಳು ಹಾಸಿಗೆ ಹಾಸಲು ಒಂದು ಮೂಲೆಯೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಕಣ್ಣು ಮುಚ್ಚಿ ಮಲಗಿದ್ದಳು, ನಿದ್ದೆ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿ ಹೆಜ್ಜೆ ಸರಿದವು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಗುಲಾಬಿ, ಕೇಸರಿ. ಅವಳು ಹೆದರಿಕೆಯೋ ಆಸೆಯೋ ತಿಳಿಯದೆ ಎದ್ದು ಬಾಗಿಲ ಪರದೆ ಸರಿಸಿದಳು.

ಅತ್ತೆ ಮೌಜಾ ನೆಲದ ಮೇಲೆ ಕೂತಿದ್ದಳು. ಗೋಡೆ ಹಿಡಿಯದೆ ಎರಡು ಹೆಜ್ಜೆ ಇಡಲಾರದವಳು! ಮಡಿಲಲ್ಲಿ ಹಿಲಾಲನ ಶುಕ್ರವಾರದ ಬಿಳಿ ನಿಲುವಂಗಿ. ಅದರ ಕೊರಳ ಕುಚ್ಚನ್ನು ಸೀಸೆಯ ಬಾಯಿಗೆ ಅದ್ದುತ್ತಿದ್ದಳು. ಕೈ ನಡುಗಿ ಹನಿ ಚಾಪೆಗೆ ಬೀಳುತ್ತಿತ್ತು.

"ಬಂದ್ಯಾ? ಹಿಡ್ಕೋ ಈ ತುದಿ. ಗಂಡ ಬರೋ ಹೊತ್ತಾಯ್ತು, ಮಹಾರಾಣಿಗೆ ಇನ್ನೂ ನಿದ್ದೆ!"

"ಅತ್ತೆ, ಅವರು..."

ಮುದುಕಿಗೆ ಮರೆವು. ಮಗನೆಲ್ಲಿ ಎಂದು ಕೇಳಿದಾಗಲೆಲ್ಲ ಗಾಲಿಯಾ, ಸಾವನ್ನು ಬಚ್ಚಿಡುವುದು ಪಾಪವೆಂದು, ಎದುರು ಕೂತು ಹೇಳಿಬಿಡುತ್ತಿದ್ದಳು. ನಾಲ್ಕು ಸಲ ಹೇಳಿದ್ದಳು. ನಾಲ್ಕು ಸಲವೂ ಮೌಜಾ ಆಗಷ್ಟೇ ಸುದ್ದಿ ಬಂದಂತೆ ಎದೆ ಬಡಿದುಕೊಂಡು ನೆಲಕ್ಕೆ ಬಿದ್ದಿದ್ದಳು.

"...ದಾರೀಲಿದಾರೆ, ಅತ್ತೆ," ಎಂದಳು ನಸ್ರಾ, ಅಂಗಿಯ ತುದಿ ಹಿಡಿದು.

ಅಂಗಳದ ಗೇಟು ಸದ್ದಾಯಿತು. ನಸ್ರಾ ಅಂಗಿ, ಸೀಸೆ ಎರಡನ್ನೂ ಪೆಟ್ಟಿಗೆಗೆ ತುರುಕಿ ಮುಚ್ಚಳ ಹಾಕುವಷ್ಟರಲ್ಲಿ ಗಾಲಿಯಾ ಒಳಗಿದ್ದಳು.

"ಇವತ್ತೂನಾ?"

"ಹೂಂ. ನಾನೇ ಹಚ್ಕೊಂಡೆ."

ಗಾಲಿಯಾ ಬಯ್ಯುತ್ತಾಳೆ ಎಂದು ನಸ್ರಾ ಅಂದುಕೊಂಡಿದ್ದಳು. ಅವಳು ಬಯ್ಯಲಿಲ್ಲ. "ಅವನು ನಿನ್ನನ್ನ ಎಷ್ಟ್ ಚೆನ್ನಾಗ್ ನೋಡ್ಕೊಂಡ," ಎಂದಷ್ಟೇ ಹೇಳಿ ಅಂಗಳಕ್ಕಿಳಿದಳು. ಅವಳು ಫೋನಿನಲ್ಲಿ ನಸ್ರಾಳ ಅಣ್ಣನಿಗೆ, ತಂಗಿಯನ್ನು ಕರೆದೊಯ್ಯುವ ದಿನ ಗೊತ್ತುಮಾಡುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು.

"ಅವಳದ್ದೇನೇ ಗಲಾಟೆ?" ಎಂದಳು ಮೌಜಾ. ಉತ್ತರಕ್ಕೆ ಕಾಯದೆ ನಸ್ರಾಳ ಎಡಗೈಯನ್ನು ಎಳೆದುಕೊಂಡು, ತನ್ನ ಬೆರಳಿಗಂಟಿದ್ದ ಅತ್ತರನ್ನು ಅವಳ ಮಣಿಕಟ್ಟಿಗೆ ಒರೆಸಿದಳು. "ಬೋಳುಬೋಳಾಗಿ ನಿಂತ್ಕೊಂಡ್ರೆ ಅವನಿಗೆ ಹಿಡಿಸಲ್ಲ ಕಣೆ."

ಸಂಜೆಯ ಮಗ್ರಿಬ್ ಬಾಂಗು ಕೇಳಿದಾಗ ನಸ್ರಾ ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡಲು ನಲ್ಲಿಯ ಹತ್ತಿರ ಹೋದಳು. ಬಲಗೈಯನ್ನು ಮೊಣಕೈವರೆಗೆ ಮೂರು ಸಲ ತೊಳೆದಳು. ಬಾಂಗು ಮುಗಿಯಿತು. ಎಡಗೈ ಇನ್ನೂ ಎದೆಗೆ ಒತ್ತಿಕೊಂಡೇ ಇತ್ತು. ನೀರು ಸುಮ್ಮನೆ ಹರಿದು ಖರ್ಜೂರದ ಮರದ ಬುಡ ಸೇರುತ್ತಿತ್ತು.