ಗೀರಿಗೆ ಮದ್ದು

"ಯಾವನೋ ಅವನು, ನಾನು ತಗಡಿಗೆ ಬಳಿದ ಬಣ್ಣದ ಮೇಲೆ ಗೀರು ಹಾಕಿದ್ದು? ಕೈ ಮುರೀತೀನಿ!"

"ನಾನೇ ಭಾವ," ಎಂದ ಪೇಂಟರನ ಹೆಂಡತಿಯ ತಮ್ಮ. ಇಬ್ಬರೂ ಒಂದೇ ಬಣ್ಣದ ಕಾರ್ಖಾನೆಯವರು; ಇವನು ಅಲ್ಲಿನ ಕೆಮಿಸ್ಟು. "ಈ ಬಣ್ಣದೊಳಗೆ ಮದ್ದು ಸೇರಿಸಿದ್ದೀವಿ. ಗೀರು ಬಿದ್ದ ಕಡೆ ತಾನೇ ಒಸರಿ ತುಕ್ಕು ತಡೆಯುತ್ತೆ. ಗೀರದೆ ಪರೀಕ್ಷೆ ಮಾಡೋದು ಹೇಗೆ?"

"ಬಣ್ಣವೇ ಡಾಕ್ಟರಾಯ್ತಾ? ಉಪ್ಪುನೀರಲ್ಲಿ ಹತ್ತು ದಿನ ಇಡು. ತುಕ್ಕು ಬರದಿದ್ರೆ ನಾನು ಇಲ್ಲಿ ಬ್ರಷ್ ಮುಟ್ಟಲ್ಲ!"

ಹತ್ತನೆಯ ದಿನ ಉಕ್ಕಿನ ಆರು ತಗಡುಗಳನ್ನು ತೊಟ್ಟಿಯಿಂದ ಎತ್ತಿದರು. ಐದರಲ್ಲಿ ಗೀರೇ ಇರಲಿಲ್ಲ.

"ಭಾವ, ಇದೇನಿದು?"

ಪೇಂಟರ್ ತಲೆ ಕೆರೆದುಕೊಂಡ. ಪಂದ್ಯ ಕಟ್ಟಿದ ದಿನವೇ, ತಗಡುಗಳನ್ನು ತೊಟ್ಟಿಗೆ ಇಳಿಸುವ ಮೊದಲು, ಅವನ ಕೈ ಸುಮ್ಮನಿರದೆ ಗೀರುಗಳಿಗೆ ಬಣ್ಣ ಹಚ್ಚಿಬಿಟ್ಟಿತ್ತು. ಮೂವತ್ತು ವರ್ಷದ ಚಾಳಿ, ಬಿಡುವುದುಂಟೇ?

"ಗೀರು ನೋಡ್ಕೊಂಡು ಸುಮ್ನಿರಕ್ಕಾಗ್ಲಿಲ್ಲ ಕಣೋ."

ರಾಶಿಯ ತಳದಲ್ಲಿದ್ದ ಆರನೆಯ ತಗಡು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅದರ ಗೀರು ತುಕ್ಕಿನ ಸುಳಿವಿಲ್ಲದೆ ಫಳಫಳ ಹೊಳೆಯುತ್ತಿತ್ತು.

"ಐದಕ್ಕೆ ನೀವು ಡಾಕ್ಟರು, ಒಂದಕ್ಕೆ ಬಣ್ಣ," ಎಂದು ಭಾವಮೈದುನ ನಕ್ಕ. "ಪಂದ್ಯ ಗಿಂದ್ಯ ಬಿಡಿ, ಕೆಲಸ ನೋಡಿ."

"ಆಡಿದ ಮಾತು ಆಡಿದ್ದೇ."

ಪೇಂಟರ್ ಬ್ರಷ್ಷನ್ನು ಮೇಜಿನ ಮೇಲಿಟ್ಟು ಹೊರಟ. ಬಾಗಿಲಲ್ಲಿ ಬಣ್ಣದ ಚಕ್ಕೆ ಎದ್ದ ಜಾಗವೊಂದನ್ನು ಕಂಡು ಅರೆಗಳಿಗೆ ನಿಂತ. ಕೈಯನ್ನು ಜೇಬಿಗೆ ತುರುಕಿಕೊಂಡು ನಡೆದ.

ಸಂಜೆಗೆ ಬಂದೇ ಬರುತ್ತಾನೆಂದು ಕೆಮಿಸ್ಟು ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ನೆನೆಹಾಕಿದ. ಪೇಂಟರ್ ಬರಲೇ ಇಲ್ಲ.