ಎರಡೂವರೆ ಸುತ್ತು

ಪರದೆಯ ಮೇಲಿನ ತಿರುಪು ಮತ್ತೆ ಕೆಂಪಾಗಿ ಕೂತಿತು. ಸುತ್ತುಗಳು ಒಂದರೊಳಗೊಂದು ಹಾಯುತ್ತಿವೆ, ಈ ಆಕಾರ ಕಟ್ಟಲಾಗದು ಎಂದು ಸಾಫ್ಟ್‌ವೇರ್ ತನ್ನ ಎಂದಿನ ನಿರ್ವಿಕಾರ ಮಾತಿನಲ್ಲಿ ಹೇಳಿತು. ಅವಳು ಮೌಸು ಬಿಟ್ಟು ಅಂಗೈಗಳಿಂದ ಕಣ್ಣೊತ್ತಿಕೊಂಡಳು. ಕಂಪ್ಯೂಟರಿನಲ್ಲಿ ಮುಚ್ಚಳಗಳ ನಕ್ಷೆ ಬರೆಯುವ ಅವಳು ವರ್ಕ್‌ಶಾಪಿನವರಿಗೆಲ್ಲ ಮುಚ್ಚಳದಮ್ಮ. ಔಷಧದ ಸೀಸೆ, ಎಣ್ಣೆ ಡಬ್ಬಿ, ಶಾಂಪೂ ಬಾಟಲಿ, ಯಾವುದರ ಮುಚ್ಚಳಕ್ಕೆ ಎಷ್ಟು ಸುತ್ತು, ಸುತ್ತಿಗೂ ಸುತ್ತಿಗೂ ಎಷ್ಟು ಅಂತರ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಆದರೆ ಇದು ಮುಚ್ಚಳವಲ್ಲ. ಗಂಡನ ಕಾಲಿನೊಳಗಿರುವ ರಾಡನ್ನು ಕಚ್ಚಿ ಹಿಡಿದು ಹೊರಗೆಳೆಯಬೇಕಾದ ಬೋಲ್ಟು.

ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಮದುವೆಗೆ ಮುಂಚೆ ಯಾವುದೋ ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ಎಡ ಮೊಣಕಾಲಿನ ಕೆಳಗೆ ಮೂಳೆ ಮುರಿದಾಗ ಒಳಗೆ ಉಕ್ಕಿನ ರಾಡು ಹಾಕಿದ್ದರು. ಅದು ಅಲ್ಲಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಈ ವರ್ಷ ಕಾಲು ಬಾತಿತು, ಆಮೇಲೆ ಕೀವು, ಆಮೇಲೆ ಬಿಡದ ಜ್ವರ. ರಾಡು ಹಾಕಿದ ಆಸ್ಪತ್ರೆ ಬಾಗಿಲು ಮುಚ್ಚಿ ಯಾವ ಕಾಲವಾಗಿತ್ತೋ. ಈಗಿನ ಡಾಕ್ಟರು ಮೊಣಕಾಲ ಬಳಿ ಕೊಯ್ದು, ರಾಡಿನ ತಲೆಯಲ್ಲಿದ್ದ ತಿರುಪಿನ ತೂತಿಗೆ ತಮ್ಮಲ್ಲಿದ್ದ ಬೋಲ್ಟುಗಳನ್ನೆಲ್ಲ ತಿರುಗಿಸಿ ನೋಡಿದರು. ಒಂದೂ ಹಿಡಿಯಲಿಲ್ಲ. ಹೊಲಿಗೆ ಹಾಕುವ ಮುಂಚೆ, ಹಲ್ಲಿನ ಅಚ್ಚು ತೆಗೆಯುವ ಮೇಣದಂಥದ್ದನ್ನು ಆ ತೂತಿಗೆ ಒತ್ತಿ ಎಳೆದರು. ಅದು ಅರ್ಧಕ್ಕೆ ಹರಿದು ಬಂತು.

"ಎರಡೂವರೆ ಸುತ್ತು ಸಿಕ್ಕಿದೆ," ಎಂದು ಅವರು ಪುಟ್ಟ ಡಬ್ಬಿಯೊಂದನ್ನು ಅವಳ ಕೈಗಿತ್ತಿದ್ದರು. "ನೀವು ಇಂಥದ್ದೇ ಕೆಲಸ ಮಾಡೋರಂತಲ್ಲ. ಏನಾದ್ರೂ ಆಗತ್ತಾ ನೋಡಿ. ಆದ್ರೆ ಸೋಮವಾರದಾಚೆ ನಾನು ಕಾಯಲ್ಲಮ್ಮ. ವಿಷ ಮೇಲಕ್ಕೇರ್ತಿದೆ. ಬಂದ್ರೆ ರಾಡು, ಬರದಿದ್ರೆ ಕಾಲು."

ಆ ಹರಿದ ಅಚ್ಚನ್ನು ಭೂತಗನ್ನಡಿಯ ಕೆಳಗಿಟ್ಟು ಅವಳು ಎರಡೆರಡು ಸಲ ಅಳೆದಿದ್ದಳು. ಪುಸ್ತಕದ ಯಾವ ಪಟ್ಟಿಗೂ ಸೇರದ ಅಂತರ. ತಿರುಪಿನ ಹಲ್ಲಿನ ಒಂದು ಬದಿ ಗೋಡೆಯಂತೆ ನೆಟ್ಟಗೆ, ಇನ್ನೊಂದು ಬದಿ ಓರೆ. ಬೇರೆಯವರ ಬೋಲ್ಟು ಕೂರಲೇಬಾರದೆಂದು ಯಾವನೋ ಪುಣ್ಯಾತ್ಮ ಹಟ ತೊಟ್ಟು ಮಾಡಿದಂತಿತ್ತು.

"ಮತ್ತೆ ಕೆಂಪಾ?" ಲೇತಿನ ಅಣ್ಣ ಬಾಗಿಲಲ್ಲಿ ನಿಂತು ಕೇಳಿದ. ಮೂವತ್ತು ವರ್ಷ ಕಬ್ಬಿಣ ಕಡೆದ ಮನುಷ್ಯ. ಅವನ ಷರಟಿಗೆ ಎಣ್ಣೆಯ ವಾಸನೆ.

"ಹಲ್ಲಿನ ಬುಡ ಪಕ್ಕದ ಹಲ್ಲಿಗೆ ತಾಗ್ತಿದೆ ಅಣ್ಣ. ಒಂಚೂರು ಸವರಿದ್ರೆ ಆಗತ್ತೆ. ಆದ್ರೆ ಎಷ್ಟು ಸವರಲಿ? ಜಾಸ್ತಿ ಆದ್ರೆ ಹಿಡಿಯಲ್ಲ. ಕಮ್ಮಿ ಆದ್ರೆ ಒಳಗೇ ಹೋಗಲ್ಲ."

"ನಿನ್ ಕೈ ಏನ್ ಹೇಳತ್ತೆ?"

"ನನ್ ಕೈ ಮುಚ್ಚಳ ಬಿಟ್ರೆ ಬೇರೇನೂ ಕಂಡಿಲ್ಲ, ಅದನ್ನೇನ್ ಕೇಳ್ತೀಯ."

ಕೊನೆಗೆ ಕೂದಲೆಳೆಯಷ್ಟು ಸವರಿದಳು. ಸುರುಳಿಯ ಗೆರೆಯಗುಂಟ ಹಲ್ಲು ಮೆಲ್ಲಗೆ ಹತ್ತಿಕೊಂಡು ಹೋಗಿ ತಿರುಪು ಮೈತಳೆಯಿತು. ಅಣ್ಣ ಅದನ್ನು ಉಕ್ಕಿನಲ್ಲಿ ಕಡೆದ. ಪರೀಕ್ಷೆಗೆಂದು ಅದೇ ಚಿತ್ರದಿಂದ ಪ್ಲಾಸ್ಟಿಕ್ಕಿನ ನಟ್ಟೊಂದನ್ನೂ ಮಾಡಿದರು. ಬೋಲ್ಟು ಅದರೊಳಗೆ ಬೆಣ್ಣೆಯಲ್ಲಿ ಚಾಕುವಿನಂತೆ ಇಳಿಯಿತು.

"ನೋಡು! ಹೆಂಗೆ ಕೂತ್ಕೊಂತು!" ಎಂದು ಅವನು ಹಿಗ್ಗಿದ.

"ನಟ್ಟೂ ನಾನು ಬರೆದಿದ್ದೇ, ಬೋಲ್ಟೂ ನಾನು ಬರೆದಿದ್ದೇ. ಕಳ್ಳನ ಪರವಾಗಿ ಅವನ ತಮ್ಮ ಸಾಕ್ಷಿ ಹೇಳಿದ ಹಾಗಾಯ್ತು." ಅವಳು ಬೋಲ್ಟನ್ನು ನಟ್ಟಿನಿಂದ ಬಿಚ್ಚಿ ತೆಗೆದಳು. "ಇನ್ನೊಂದು ಸಣ್ಣದು, ಇನ್ನೊಂದು ದಪ್ಪದು ಮಾಡ್ಕೊಡು. ಮೂರೂ ತಗೊಂಡ್ ಹೋಗ್ತೀನಿ."

ಆಸ್ಪತ್ರೆಯಲ್ಲಿ ಗಂಡ ಕಣ್ಣು ಮುಚ್ಚಿಕೊಂಡೇ ಅವಳ ಹೆಜ್ಜೆ ಗುರುತು ಹಿಡಿದ.

"ಏನಮ್ಮಾ ಮುಚ್ಚಳದಮ್ಮ, ನನ್ ಕಾಲಿಗೆ ಮುಚ್ಚಳ ಸಿಕ್ತಾ?"

ಅವಳು ಅವನ ಹಣೆ ಮುಟ್ಟಿದಳು. ಕಾದ ಹೆಂಚು. "ಸಿಕ್ಕಿದೆ. ನಾಳೆ ಹಾಕಿ ನೋಡ್ತಾರೆ."

ಅವನು ಅವಳ ಕೈ ಸರಿಸಿದ. "ಬೇಡ ಕಣೇ. ಮತ್ತೆ ಕೊಯ್ಯೋದು, ಕೆದಕೋದು, ಹೊಲಿಯೋದು. ಸಾಕಾಗಿದೆ. ನೇರ ಕತ್ತರಿಸಿ ಬಿಸಾಕಲಿ."

"ಏನ್ರೀ ಮಾತಾಡ್ತಿದೀರ? ಏಣಿ ಹೇಗೆ ಹತ್ತುತ್ತೀರಿ?"

"ಏಣಿ ಹತ್ತೋ ಆಸೆ ನನಗಿದೆಯೋ ನಿನಗಿದೆಯೋ?"

ಅವಳು ಮಂಚದ ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಒಂದೇ ಸಲ ರೀ. ನಿಮಗೆ ಬೇಡದಿದ್ರೂ ಪರವಾಗಿಲ್ಲ. ನನಗೋಸ್ಕರ. ಕಾಲಿಗೆ ಬೀಳ್ತೀನಿ."

"ಯಾವ ಕಾಲಿಗೆ ಬೀಳ್ತೀಯ, ನೋಡ್ಕೊಂಡು ಬೀಳು," ಎಂದು ಅವನು ನಕ್ಕ. ನಗು ಕೆಮ್ಮಾಯಿತು. ಆಮೇಲೆ ಎದುರಿನ ಗೋಡೆಯನ್ನು ದಿಟ್ಟಿಸಿದ. "ಪುಟ್ಟಿ ಹಾಕಿ ಗೋಡೆ ಸಮ ಮಾಡದೇ ಬಣ್ಣ ಬಳಿದಿದ್ದಾರೆ ನೋಡು, ಕತ್ತೆಗಳು. ಆಯ್ತು, ಒಂದು ಸಲ."

ಮಾರನೆಯ ದಿನ ಮೂರು ಬೋಲ್ಟುಗಳೂ ಅವನೊಂದಿಗೇ ಒಳಗೆ ಹೋದವು. ಅವಳು ಹೊರಗಿನ ಬೆಂಚಿನಲ್ಲಿ ಕೂತಳು. ಬಾಗಿಲಾಚೆಯಿಂದ ಲೋಹಕ್ಕೆ ಲೋಹ ಬಡಿಯುವ ಸದ್ದು ಬಂದಾಗಲೆಲ್ಲ ಅವಳ ಬಲಗೈ ತನಗೆ ತಾನೇ ಮಡಿಲಲ್ಲಿ ಪ್ರದಕ್ಷಿಣಾಕಾರವಾಗಿ ತಿರುಗುತ್ತಿತ್ತು. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ಅದನ್ನೇ ನೋಡುತ್ತಿದ್ದಳು. ಬಡಿತ ಬಹಳ ಹೊತ್ತು ನಡೆಯಿತು. ಆಮೇಲೆ ನಿಂತಿತು. ಆಮೇಲೂ ಯಾರೂ ಹೊರಗೆ ಬರಲಿಲ್ಲ.

ಡಾಕ್ಟರು ಬಂದಾಗ ಅವರ ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು.

"ನಿಮ್ಮ ಬೋಲ್ಟು ಹಿಡೀತು," ಎಂದರು. "ಮೊದಲನೇದೇ. ಕೊನೇ ಸುತ್ತಿನವರೆಗೂ ಹೋಯ್ತು."

ಅವಳೊಳಗೆ ಏನೋ ಜಿಗಿಯಿತು. ನಾನು ಸವರಿದ್ದು ಸರಿ ಇತ್ತು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ! ಆ ಹಿಗ್ಗು ಮುಖಕ್ಕೆ ಬಂದುಬಿಟ್ಟಿತ್ತು. ಡಾಕ್ಟರು ಅದನ್ನು ಕಂಡು ಕಣ್ಣು ತಗ್ಗಿಸಿದ ಮೇಲಷ್ಟೇ ಅವಳಿಗೆ ತಿಳಿಯಿತು.

"ಮೂಳೆ ಬಿಡಲಿಲ್ಲಮ್ಮ. ರಾಡಿನ ಸುತ್ತ ಬೆಳೆದು ಕಚ್ಚಿಕೊಂಡಿತ್ತು, ಬೇರು ಕಲ್ಲನ್ನು ಕಚ್ಚಿಕೊಂಡ ಹಾಗೆ. ಎಷ್ಟು ಹೊಡೆದ್ರೂ... ಬಿಪಿ ಇಳಿಯೋಕೆ ಶುರುವಾಯ್ತು. ಮೊಣಕಾಲಿನ ಮೇಲಿಂದ ಕಾಲನ್ನೇ ತೆಗೆದೆವು." ತಲೆಯ ಟೋಪಿ ಕಳಚುತ್ತ, "ಬೋಲ್ಟು ಅದರಲ್ಲೇ ಇದೆ. ಬೇಕಿದ್ರೆ ಬಿಡಿಸಿ ಕೊಡಿಸ್ತೀನಿ," ಎಂದರು.

"ಬೇಡ," ಎಂದಳು.

ಸಂಜೆ ಅವನಿಗೆ ಅರೆಎಚ್ಚರವಾಯಿತು. ತುಟಿ ಒಣಗಿ ಬಿರಿದಿತ್ತು. ಅವಳು ಒದ್ದೆ ಹತ್ತಿಯಿಂದ ಒರೆಸಿದಳು.

"ಹಿಡೀತಾ?" ಎಂದು ಕೇಳಿದ.

"ಹಿಡೀತು."

"ಮತ್ತೆ? ಮುಚ್ಚಳದಮ್ಮ ಅಂದ್ರೆ ಸುಮ್ನೇನಾ," ಎಂದು ಗೊಣಗಿ ಅವನು ಮತ್ತೆ ನಿದ್ದೆಗೆ ಜಾರಿದ. ಜ್ವರ ಇಳಿದಿತ್ತು.

ಅವಳು ಸ್ಟೂಲನ್ನು ಮಂಚದ ಕಾಲ್ದೆಸೆಗೆ ಎಳೆದುಕೊಂಡಳು. ಹೊದಿಕೆಯಿಂದ ಬಲಪಾದ ಹೊರಚಾಚಿತ್ತು. ಅವನು ಬ್ರಷ್ಷು ಮುಟ್ಟಿ ತಿಂಗಳುಗಳಾಗಿದ್ದವು. ಆದರೂ ಹೆಬ್ಬೆರಳಿನ ಉಗುರಿನ ಮೇಲೆ ನೀಲಿ ಬಣ್ಣದ ಚುಕ್ಕೆಯೊಂದು ಉಗುರಿನ ಜೊತೆಗೇ ಬೆಳೆಯುತ್ತ ತುದಿಯವರೆಗೂ ಬಂದಿತ್ತು. ಅವಳು ಪಾದವನ್ನು ಮಡಿಲಿಗೆ ಎತ್ತಿಕೊಂಡು, ಅವನಿಗೆ ಎಚ್ಚರವಾಗದ ಹಾಗೆ, ತನ್ನ ಉಗುರಿನಿಂದ ಅದನ್ನು ಮೆಲ್ಲಗೆ ಕೆರೆಯತೊಡಗಿದಳು.